ವೃದ್ಧರ ಔಷಧವೆಚ್ಚವೂ ಅಮೆರಿಕೆಯ ವಿಮೆಯೂ

ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿರುವ ತಾಯಿಯೊಬ್ಬರ ಸಂಗತಿಯನ್ನು ಈಚೆಗೆ ನಾವು ಕೇಳಿದೆವು. ಅವರು ಮೈಸೂರು ಸೀಮೆಯವರು, ಎಪ್ಪತ್ತನ್ನು ದಾಟಿದವರು, ಬಹುಕಾಲದಿಂದ ಉಬ್ಬಸದ ಬೇನೆಯುಳ್ಳವರು. ದಿನಕ್ಕೆರಡು ಸಲ ಸೇದಿಕೊಳ್ಳತಕ್ಕ ಔಷಧವೊಂದರಿಂದ ಅವರ ಉಸಿರಾಟವು ಸುಸೂತ್ರವಾಗಿ ನಡೆದಿತ್ತು. ಜನವರಿಯಲ್ಲಿ ಔಷಧವು ಎಂದಿನಂತೆ ನಲವತ್ತು ಚಿಲ್ಲರೆ ಡಾಲರಿಗೆ ದೊರೆಯಿತು. ಫೆಬ್ರವರಿಯಲ್ಲಿ ಮಗನು ಅಂಗಡಿಗೆ ಹೋದಾಗ ಅದಕ್ಕೇ ಮುನ್ನೂರಕ್ಕೆ ಮಿಕ್ಕ ಡಾಲರುಗಳನ್ನು ಕೇಳಿದರು. ಕಾರಣವೇನೆಂದರೆ, ವಿಮೆಯ ಕಂಪೆನಿಯವರು ಹೊಸ ವರ್ಷದ ತಮ್ಮ ಔಷಧಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದರು. ಮಗನು ಮರುಮಾತಾಡದೆ ಹಣವನ್ನು ತೆತ್ತು ತಂದನು. ಆದರೆ ಚೀಲದಲ್ಲಿದ್ದ ಬೆಲೆಯ ಚೀಟಿಯನ್ನು ತಾಯಿಯವರು ನೋಡಿಬಿಟ್ಟರು. ಅಂದಿನಿಂದ ಯಾರಿಗೂ ತಿಳಿಸದೆ ಎರಡು ಸಲದ ಮದ್ದನ್ನು ಒಂದು ಸಲಕ್ಕೆ ಇಳಿಸಿದರು. ಕೆಲವು ದಿನ ಅದನ್ನೂ ಬಿಟ್ಟರು. ಮಾರ್ಚಿಯ ಒಂದು ನಡುರಾತ್ರಿ ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು.

ಮಗನಿಗೆ ವಿದ್ಯೆಗೆ ಕೊರತೆಯಿಲ್ಲ, ತಾಯಿಯಲ್ಲಿ ಭಕ್ತಿಗೆ ಮೊದಲೇ ಕೊರತೆಯಿಲ್ಲ. ಆತನು ತಿಳಿಯದೆ ಹೋದುದು ಒಂದು ಕಾಗದ. ಸೆಪ್ಟೆಂಬರಿನಲ್ಲಿ ಕಂಪೆನಿಯಿಂದ ಬಂದ ದಪ್ಪನೆಯ ಲಕೋಟೆಯನ್ನು ಜಾಹಿರಾತೆಂದು ಭಾವಿಸಿ ಮನೆಯವರು ರದ್ದಿಗೆ ಹಾಕಿದ್ದರು. ನಮ್ಮ ವಾಚಕರಲ್ಲಿ ಎಷ್ಟೋ ಮಂದಿಯ ಮಕ್ಕಳು ಆ ದೇಶದಲ್ಲಿ ನೆಲೆಸಿರುವರು. ಮಕ್ಕಳ ಒತ್ತಾಯದಿಂದ ಗ್ರೀನ್ ಕಾರ್ಡು ಪಡೆದು ಅಲ್ಲಿಯೇ ನಿಂತಿರುವ ಹಿರಿಯರೂ ಕಡಮೆಯಲ್ಲ. ಅಂಥವರ ಉಪಯೋಗಕ್ಕಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುವುದು ಯುಕ್ತವೆಂದು ನಮಗೆ ತೋರಿತು. ಹುಟ್ಟು ಅಮೆರಿಕನರೇ ಇದರಲ್ಲಿ ದಿಕ್ಕುಗಾಣದೆ ತೊಳಲುವರಾದುದರಿಂದ, ತಮಗೆ ಅರ್ಥವಾಗಲಿಲ್ಲವೆಂದು ಯಾರೂ ನಾಚಬೇಕಾದುದಿಲ್ಲ.

ಅರುವತ್ತೈದು ವರ್ಷ ತುಂಬಿದವರಿಗೆ ಅಲ್ಲಿಯ ಸರ್ಕಾರವು ನಡೆಯಿಸುವ ಆರೋಗ್ಯವಿಮೆಗೆ ಮೆಡಿಕೇರ್ ಎಂದು ಹೆಸರು. ಅಧ್ಯಕ್ಷ ಲಿಂಡನ್ ಜಾನ್ಸನ್ನರು ೧೯೬೫ನೆಯ ಜುಲೈ ೩೦ರಂದು ಆ ಶಾಸನಕ್ಕೆ ಸಹಿ ಹಾಕಿದರು. ಆಸ್ಪತ್ರೆಯ ಖರ್ಚಿಗೆ ‘ಎ’ ಭಾಗ, ವೈದ್ಯರ ಖರ್ಚಿಗೆ ‘ಬಿ’ ಭಾಗ. ಆದರೆ ವೈದ್ಯರು ಬರೆದುಕೊಟ್ಟ ಔಷಧವನ್ನು ಅಂಗಡಿಯಿಂದ ತಂದು ಮನೆಯಲ್ಲಿ ಸೇವಿಸಿದರೆ ಅದರ ವೆಚ್ಚಕ್ಕೆ ಶಾಸನದಲ್ಲಿ ಏರ್ಪಾಡೇ ಇರಲಿಲ್ಲ. ೧೯೮೮ರಲ್ಲಿ ಆ ಕೊರತೆಯನ್ನು ನೀಗಲು ಒಂದು ಕಾನೂನಾಯಿತು. ಅದರ ಖರ್ಚನ್ನು ವೃದ್ಧರ ಮೇಲೆಯೇ ತೆರಿಗೆಯಾಗಿ ಹೊರಿಸಿದುದರಿಂದ ಅವರು ಸಿಡಿದೆದ್ದರು. ೧೯೮೯ರ ಆಗಸ್ಟಿನಲ್ಲಿ ಶಿಕಾಗೋ ನಗರದಲ್ಲಿ ಪ್ರತಿನಿಧಿಸಭೆಯ ಪ್ರಮುಖರಾದ ರಾಸ್ಟೆನ್‌ಕೌಸ್ಕಿಯವರ ಮೋಟಾರನ್ನು ಮುದುಕ ಮುದುಕಿಯರೇ ಅಡ್ಡಗಟ್ಟಿ ಕೂಗಾಡಿದರು. ಆ ವರ್ಷವೇ ಕಾನೂನು ರದ್ದಾಯಿತು. ಮತ್ತೆ ೨೦೦೩ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ಷರ ಕಾಲದಲ್ಲಿ ಹೊಸ ಶಾಸನವು ಬಂದು, ೨೦೦೬ನೆಯ ಜನವರಿ ೧ರಿಂದ ಔಷಧಗಳಿಗಾಗಿಯೇ ‘ಡಿ’ ಭಾಗವು ಆಚರಣೆಗೆ ಬಂದಿತು. ಅದನ್ನು ಸರ್ಕಾರವು ತಾನೇ ನಡೆಯಿಸದೆ ಖಾಸಗಿ ಕಂಪೆನಿಗಳಿಗೆ ಬಿಟ್ಟಿತು. ಔಷಧ ತಯಾರಿಸುವವರೊಡನೆ ಬೆಲೆಯ ವಿಷಯದಲ್ಲಿ ಸರ್ಕಾರವು ಚೌಕಾಸಿ ಮಾಡಕೂಡದೆಂದು ಶಾಸನದಲ್ಲಿಯೇ ಬರೆಯಿತು. ಕೊಳ್ಳುವವನು ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡ ಇಂಥ ವ್ಯಾಪಾರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಮೊದಲ ವರ್ಷಗಳ ಏರ್ಪಾಡು ಬಲು ವಿಚಿತ್ರವಾಗಿತ್ತು. ೨೦೦೬ರಲ್ಲಿ ಮೊದಲ ೨೫೦ ಡಾಲರುಗಳನ್ನು ರೋಗಿಯೇ ಕೊಡಬೇಕು. ಅಲ್ಲಿಂದ ಮುಂದೆ ಔಷಧದ ಒಟ್ಟು ಬೆಲೆ ೨,೨೫೦ ಡಾಲರಾಗುವವರೆಗೆ ನಾಲ್ಕರಲ್ಲೊಂದು ಪಾಲು ಮಾತ್ರ ಆತನದು. ಅದಾದ ಮೇಲೆ ೫,೧೦೦ ಡಾಲರಾಗುವವರೆಗೆ ಪೂರ್ತಿ ಭಾರವೂ ಆತನ ತಲೆಯ ಮೇಲೆಯೇ! ನಡುವಿನ ಈ ೨,೮೫೦ ಡಾಲರುಗಳ ಹಳ್ಳಕ್ಕೆ ಅಲ್ಲಿಯ ಜನರು ‘ಡೋನಟ್ಟಿನ ತೂತು’ ಎಂದು ಹೆಸರಿಟ್ಟರು. ಡೋನಟ್ಟೆಂದರೆ ನಮ್ಮ ಉದ್ದಿನ ವಡೆಯಂತೆ ನಡುವೆ ತೂತುಳ್ಳ ತಿಂಡಿ. ಎಲ್ಲರ ಮನೆಯ ದೋಸೆಯೂ ತೂತೆಂಬ ನಮ್ಮ ಗಾದೆಯು ಸಮುದ್ರದಾಚೆಗೂ ಸಲ್ಲುವುದೆಂದು ಆಗ ತಿಳಿಯಿತು. ೨೦೧೦ರ ಶಾಸನದಿಂದ ಆ ತೂತು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತ ಬಂದು ೨೦೨೦ಕ್ಕೆ ಮುಚ್ಚಿತು. ೨೦೨೨ನೆಯ ಆಗಸ್ಟಿನಲ್ಲಿ ಬಂದ ಇನ್ನೊಂದು ಶಾಸನವು ಇದಕ್ಕಿಂತಲೂ ದೊಡ್ಡ ಉಪಕಾರವನ್ನು ಮಾಡಿತು. ಇನ್ಸುಲಿನ್ನಿಗೆ ತಿಂಗಳಿಗೆ ೩೫ ಡಾಲರಿಗಿಂತ ಹೆಚ್ಚು ಕೇಳಕೂಡದೆಂದೂ, ಸರ್ಪಸುತ್ತು ಮುಂತಾದವಕ್ಕೆ ಹಿರಿಯರು ಹಾಕಿಸಿಕೊಳ್ಳಬೇಕಾದ ಲಸಿಕೆಗಳಿಗೆ ಏನನ್ನೂ ಕೇಳಕೂಡದೆಂದೂ ೨೦೨೩ರಿಂದ ಗೊತ್ತಾಯಿತು. ವರ್ಷವೊಂದಕ್ಕೆ ರೋಗಿಯು ಕೈಯಿಂದ ಕೊಡತಕ್ಕ ಮೊತ್ತಕ್ಕೆ ೨೦೨೫ರಲ್ಲಿ ೨,೦೦೦ ಡಾಲರುಗಳ ಮಿತಿಯನ್ನು ಹಾಕಿದರು. ೨೦೨೬ಕ್ಕೆ ಅದು ೨,೧೦೦. ಚೌಕಾಸಿಯ ಬೀಗವನ್ನೂ ತೆಗೆದು, ಹತ್ತು ಔಷಧಗಳಿಗೆ ಸರ್ಕಾರವು ಗೊತ್ತುಮಾಡಿದ ಬೆಲೆಯು ೨೦೨೬ನೆಯ ಜನವರಿ ೧ರಿಂದ ಜಾರಿಗೆ ಬಂದಿತು.

ಈ ಮಿತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಂಪೆನಿಯ ಪಟ್ಟಿಯಲ್ಲಿರುವ ಔಷಧಕ್ಕೆ ಕೊಟ್ಟ ಹಣ ಮಾತ್ರವೇ ಆ ಲೆಕ್ಕಕ್ಕೆ ಸೇರುವುದು. ಪಟ್ಟಿಯಲ್ಲಿಲ್ಲದುದಕ್ಕೆ ಸಾವಿರ ಡಾಲರು ಸುರಿದರೂ ಸೇರದು. ತಿಂಗಳ ಕಂತೂ ಸೇರದು.

ಇನ್ನು ನಮ್ಮವರಿಗೆ ಇದರಲ್ಲಿ ಹಕ್ಕುಂಟೆ ಎಂಬ ಪ್ರಶ್ನೆ. ಗ್ರೀನ್ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಮೆಡಿಕೇರ್ ದೊರೆಯುವುದಿಲ್ಲ. ಅರುವತ್ತೈದು ತುಂಬಿರುವುದಲ್ಲದೆ ಐದು ವರ್ಷ ಎಡೆಬಿಡದೆ ಆ ದೇಶದಲ್ಲಿ ವಾಸವಾಗಿರಬೇಕು. ತಾವಾಗಲಿ ಪತಿಪತ್ನಿಯರಲ್ಲೊಬ್ಬರಾಗಲಿ ಅಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕೊಟ್ಟಿದ್ದರೆ ‘ಎ’ ಭಾಗಕ್ಕೆ ಕಂತಿಲ್ಲ. ಮಕ್ಕಳು ಕೊಟ್ಟ ತೆರಿಗೆಯು ತಂದೆತಾಯಿಗಳ ಲೆಕ್ಕಕ್ಕೆ ಬಾರದು. ‘ನನ್ನ ಮಗ ಇಪ್ಪತ್ತು ವರ್ಷದಿಂದ ತೆರುತ್ತಿರುವನಲ್ಲ’ ಎಂದುಕೊಂಡು ಕುಳಿತವರು ನಮಗೆ ಗೊತ್ತು. ದುಡಿಯದವರು ಕೊಂಡುಕೊಳ್ಳುವುದಾದರೆ ೨೦೨೬ರಲ್ಲಿ ‘ಎ’ ಭಾಗಕ್ಕೆ ತಿಂಗಳಿಗೆ ೫೬೫ ಡಾಲರಿನವರೆಗೂ, ‘ಬಿ’ ಭಾಗಕ್ಕೆ ಸಾಮಾನ್ಯವಾಗಿ ೨೦೨ ಡಾಲರು ೯೦ ಸೆಂಟೂ ಆಗುವುದು. ‘ಬಿ’ ಒಂದನ್ನೇ ತೆಗೆದುಕೊಂಡವರಿಗೂ ಔಷಧದ ‘ಡಿ’ ಭಾಗಕ್ಕೆ ಸೇರಲು ಅಡ್ಡಿಯಿಲ್ಲ. ಇದು ಬಹು ಮಂದಿಗೆ ತಿಳಿಯದು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ‘ಅಡ್ವಾಂಟೇಜ್’ ಎಂಬ ಖಾಸಗಿ ವಿಮೆಗೆ ಮಾತ್ರ ‘ಎ’, ‘ಬಿ’ ಎರಡೂ ಇರಲೇಬೇಕು.

ಹಕ್ಕು ಬಂದಾಗ ಸುಮ್ಮನಿರುವುದಕ್ಕೆ ದಂಡವುಂಟು. ಹಕ್ಕು ಮೊದಲುಗೊಳ್ಳುವ ತಿಂಗಳ ಹಿಂದೆ ಮೂರು, ಮುಂದೆ ಮೂರು, ಹೀಗೆ ಏಳು ತಿಂಗಳ ಅವಧಿಯಲ್ಲಿ ಸೇರಬೇಕು. ಆ ಮೇಲೆ ಸಮಾನಮೌಲ್ಯದ ಬೇರೆ ಔಷಧವಿಮೆಯಿಲ್ಲದೆ ೬೩ ದಿನ ಅಥವಾ ಹೆಚ್ಚು ಕಳೆದರೆ, ತಡವಾದ ಒಂದೊಂದು ತಿಂಗಳಿಗೂ ನೂರಕ್ಕೊಂದರಂತೆ ಕಂತು ಏರುವುದು. ೨೦೨೬ರಲ್ಲಿ ಇದಕ್ಕೆ ಆಧಾರವಾದ ಮೊತ್ತವು ೩೮ ಡಾಲರು ೯೯ ಸೆಂಟು. ‘ನಮಗೀಗ ಯಾವ ರೋಗವೂ ಇಲ್ಲ’ ಎಂದು ಮೂವತ್ತು ತಿಂಗಳು ಸುಮ್ಮನಿದ್ದವರಿಗೆ ತಿಂಗಳಿಗೆ ಸುಮಾರು ೧೧ ಡಾಲರು ೭೦ ಸೆಂಟು ಹೆಚ್ಚು ಬೀಳುವುದು. ಅದೂ ಒಂದು ವರ್ಷವಲ್ಲ, ವಿಮೆಯಿರುವ ತನಕ.

ಈಗ ಆರಿಸುವ ಮಾತು. ಹೆಚ್ಚು ಜನರು ಮಾಡುವ ತಪ್ಪು ಇದೇ: ತಿಂಗಳ ಕಂತನ್ನು ಮಾತ್ರ ನೋಡಿ ಕಡಮೆಯಾದುದನ್ನು ಹಿಡಿಯುವರು. ಪ್ರತಿ ಕಂಪೆನಿಗೂ ತನ್ನದೇ ಆದ ಔಷಧಪಟ್ಟಿಯಿರುವುದು. ಪಟ್ಟಿಯೊಳಗೆ ಮೆಟ್ಟಿಲುಗಳಿರುವುವು; ಕೆಳಗಿನ ಮೆಟ್ಟಿಲಲ್ಲಿ ಅಗ್ಗದ ಜೆನೆರಿಕ್ ಮಾತ್ರೆಗಳು, ಮೇಲೇರಿದಂತೆ ದುಬಾರಿ. ಒಂದು ಕಂಪೆನಿಯು ಎರಡನೆಯ ಮೆಟ್ಟಿಲಲ್ಲಿಟ್ಟುದನ್ನು ಇನ್ನೊಂದು ನಾಲ್ಕನೆಯದರಲ್ಲಿಡಬಹುದು. ಅಲ್ಲದೆ ವರ್ಷಾರಂಭದಲ್ಲಿ ರೋಗಿಯೇ ಹೊರಬೇಕಾದ ‘ಡಿಡಕ್ಟಿಬಲ್’ ಎಂಬ ಮೊದಲ ಭಾರವೊಂದುಂಟು. ೨೦೨೬ರಲ್ಲಿ ಅದು ೬೧೫ ಡಾಲರನ್ನು ಮೀರಕೂಡದು.

ಲೆಕ್ಕಕ್ಕಾಗಿ ಎರಡು ವಿಮೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದಕ್ಕೆ ತಿಂಗಳ ಕಂತು ೫ ಡಾಲರು. ಆದರೆ ೬೧೫ರ ಮೊದಲ ಭಾರವೂ ಆಮೇಲೆ ನಾಲ್ಕರಲ್ಲೊಂದು ಪಾಲೂ ರೋಗಿಯದು. ಎರಡನೆಯದಕ್ಕೆ ಕಂತು ೪೦ ಡಾಲರು, ಮೊದಲ ಭಾರವಿಲ್ಲ, ಔಷಧಕ್ಕೆ ತಿಂಗಳಿಗೆ ೪೭ ಕೊಟ್ಟರೆ ಸಾಕು. ಮನೆಯ ಹಿರಿಯರು ರಕ್ತವು ಹೆಪ್ಪುಗಟ್ಟದಂತೆ ಎಲಿಕ್ವಿಸ್ ಎಂಬ ಮಾತ್ರೆಯನ್ನು ಸೇವಿಸುವರೆನ್ನಿ. ೨೦೨೬ಕ್ಕೆ ಸರ್ಕಾರವು ಗೊತ್ತುಪಡಿಸಿದ ಅದರ ಬೆಲೆ ತಿಂಗಳಿಗೆ ೨೩೧ ಡಾಲರು, ವರ್ಷಕ್ಕೆ ೨,೭೭೨. ಮೊದಲನೆಯ ವಿಮೆಯಲ್ಲಿ ಔಷಧಕ್ಕೆ ಸುಮಾರು ೧,೧೫೪, ಕಂತಿಗೆ ೬೦, ಒಟ್ಟು ೧,೨೧೪. ಎರಡನೆಯದರಲ್ಲಿ ಔಷಧಕ್ಕೆ ೫೬೪, ಕಂತಿಗೆ ೪೮೦, ಒಟ್ಟು ೧,೦೪೪. ಎಂಟು ಪಾಲು ಹೆಚ್ಚಿನ ಕಂತಿನ ವಿಮೆಯೇ ವರ್ಷಕ್ಕೆ ೧೭೦ ಡಾಲರು ಅಗ್ಗವಾಯಿತು! ಆದರೆ ಜೆನೆರಿಕ್ ಮಾತ್ರೆಯೊಂದನ್ನೇ ಸೇವಿಸುವವರಿಗೆ ಲೆಕ್ಕವು ತಿರುಗಿಬೀಳುವುದು. ಆದುದರಿಂದ ಗಂಡಹೆಂಡಿರಿಗೆ ಒಂದೇ ವಿಮೆ ಇರಬೇಕೆಂಬುದಿಲ್ಲ. ಅವರವರ ಮದ್ದಿನ ಡಬ್ಬಿಯನ್ನು ನೋಡಿ ಬೇರೆಬೇರೆಯಾಗಿ ಆರಿಸುವುದೇ ಸರಿ.

ಔಷಧವು ಪಟ್ಟಿಯಲ್ಲಿದೆಯೆಂದು ಕಂಡಮೇಲೂ ಅದರ ಪಕ್ಕದ ಸಣ್ಣ ಗುರುತುಗಳನ್ನು ಬಿಡಬಾರದು. ಕೆಲವಕ್ಕೆ ಕಂಪೆನಿಯ ಮುಂಗಡ ಅನುಮತಿ ಬೇಕು. ಕೆಲವನ್ನು ಮೊದಲು ಅಗ್ಗದ ಇನ್ನೊಂದು ಮದ್ದನ್ನು ಪರೀಕ್ಷಿಸಿದ ಹೊರತು ಕೊಡರು. ಕೆಲವಕ್ಕೆ ತಿಂಗಳಿಗಿಷ್ಟೇ ಎಂಬ ಕಟ್ಟು. ಅಂಗಡಿಯೂ ಮುಖ್ಯ: ಕಂಪೆನಿಗೆ ಬೇಕಾದ ಅಂಗಡಿಯಲ್ಲಿ ಒಂದು ಬೆಲೆ, ಎದುರಿನ ಅಂಗಡಿಯಲ್ಲಿ ಇನ್ನೊಂದು. ವಿಟಮಿನ್ ಮಾತ್ರೆಗಳೂ ಚೀಟಿಯಿಲ್ಲದೆ ದೊರೆಯುವ ಮದ್ದುಗಳೂ ಸಾಮಾನ್ಯವಾಗಿ ಈ ವಿಮೆಗೆ ಸೇರವು. ಊರಿಗೆ ಬಂದಾಗ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಂಡ ಔಷಧಕ್ಕೂ ಅದು ಸಲ್ಲದು. ಚಳಿಗಾಲವನ್ನು ಇಲ್ಲಿ ಕಳೆಯಲು ಬರುವ ಹಿರಿಯರು ಹೊರಡುವ ಮೊದಲೇ ಮೂರು ತಿಂಗಳ ಮದ್ದನ್ನು ಕೇಳಿ ಪಡೆಯುವುದು ಒಳ್ಳೆಯದು. ಅಡ್ವಾಂಟೇಜ್ ವಿಮೆಯವರು ಆರು ತಿಂಗಳಿಗೆ ಮೀರಿ ಊರು ಬಿಟ್ಟಿದ್ದರೆ ಸಾಮಾನ್ಯವಾಗಿ ಹೆಸರನ್ನೇ ತೆಗೆದುಹಾಕುವರು.

ಪ್ರತಿವರ್ಷವೂ ಅಕ್ಟೋಬರು ೧೫ರಿಂದ ಡಿಸೆಂಬರು ೭ರವರೆಗೆ ವಿಮೆಯನ್ನು ಬದಲಿಸಲು ಅವಕಾಶವುಂಟು. ಹೊಸದು ಜನವರಿ ೧ರಿಂದ ನಡೆಯುವುದು. ಮೆಡಿಕೇರಿನ ಜಾಲತಾಣದಲ್ಲಿ ಔಷಧಗಳ ಹೆಸರು, ಪ್ರಮಾಣ, ಅಂಗಡಿ ಇವನ್ನು ಬರೆದರೆ ಯಾವ ವಿಮೆಯಲ್ಲಿ ವರ್ಷಕ್ಕೆ ಒಟ್ಟು ಎಷ್ಟಾಗುವುದೆಂದು ತಾನೇ ಲೆಕ್ಕ ಹಾಕಿ ತೋರಿಸುವುದು. ಯಂತ್ರದ ಗೊಡವೆ ಬೇಡವೆಂಬುವರಿಗೆ ಪ್ರತಿ ಸಂಸ್ಥಾನದಲ್ಲಿಯೂ ‘ಷಿಪ್’ ಎಂಬ ಸಲಹಾವ್ಯವಸ್ಥೆಯುಂಟು; ಅವರು ಹಣ ಕೇಳುವುದಿಲ್ಲ, ಯಾವ ಕಂಪೆನಿಯ ಪರವಾಗಿಯೂ ಮಾತಾಡುವುದಿಲ್ಲ. ಆದಾಯವು ತೀರ ಕಡಮೆಯಿದ್ದವರಿಗೆ ‘ಎಕ್ಸ್ಟ್ರಾ ಹೆಲ್ಪ್’ ಎಂಬ ಸಹಾಯವಿರುವುದು. ವರ್ಷಾರಂಭದಲ್ಲಿಯೇ ದೊಡ್ಡ ಮೊತ್ತ ಬೀಳುವವರು ಅದನ್ನು ಬಡ್ಡಿಯಿಲ್ಲದೆ ತಿಂಗಳುತಿಂಗಳಿಗೆ ಹಂಚಿ ಕೊಡಬಹುದೆಂದು ೨೦೨೫ರಿಂದ ನಿಯಮವಾಗಿದೆ.

ನ್ಯೂಜೆರ್ಸಿಯ ತಾಯಿಯವರ ಮಾತನ್ನು ಅರ್ಧಕ್ಕೆ ಬಿಟ್ಟೆವು. ಪಟ್ಟಿಯಿಂದ ಬಿಟ್ಟುಹೋದ ಔಷಧವನ್ನು ಹೊಸ ವರ್ಷದ ಮೊದಲಲ್ಲಿ ಒಂದು ತಿಂಗಳ ಮಟ್ಟಿಗೆ ಕೊಡಲೇಬೇಕೆಂಬ ನಿಯಮದಿಂದ ಜನವರಿಯಲ್ಲಿ ಅವರಿಗೆ ಅದು ದೊರೆತಿತ್ತು. ಜೊತೆಗೆ ಬಂದ ತಿಳಿವಳಿಕೆಯ ಕಾಗದವೂ ಒಡೆಯದೆಯೇ ಬಿದ್ದಿತ್ತು. ಆಸ್ಪತ್ರೆಯಿಂದ ಮರಳಿದ ಮೇಲೆ ಮಗನು ಎಲ್ಲ ಲಕೋಟೆಗಳನ್ನೂ ಒಡೆದು ಓದಿದನು. ಬೇರೆ ಔಷಧವು ಈ ರೋಗಿಗೆ ಒಗ್ಗದೆಂದು ವೈದ್ಯರು ಕಾರಣ ಬರೆದುಕೊಟ್ಟರೆ, ಪಟ್ಟಿಯಲ್ಲಿಲ್ಲದುದನ್ನೂ ಕೊಡುವಂತೆ ಕೇಳುವ ಹಕ್ಕು ವಿಮೆಯವರಿಗೆಲ್ಲ ಉಂಟು; ಕಂಪೆನಿಯು ೭೨ ಗಂಟೆಗಳೊಳಗೆ, ಪ್ರಾಣಾಪಾಯವಿದ್ದರೆ ೨೪ ಗಂಟೆಗಳೊಳಗೆ ಉತ್ತರ ಕೊಡಬೇಕು. ವೈದ್ಯರು ಬರೆದರು; ಮೂರನೆಯ ದಿನ ಅನುಮತಿ ಬಂದಿತು.

ಆ ವರ್ಷದ ನವೆಂಬರಿನಲ್ಲಿ ಒಂದು ಭಾನುವಾರ ಊಟವಾದ ಮೇಲೆ ಮಗನೂ ಸೊಸೆಯೂ ಮೇಜಿನ ಮೇಲೆ ಮದ್ದಿನ ಡಬ್ಬಿಗಳನ್ನೆಲ್ಲ ಸುರಿದುಕೊಂಡು ಕುಳಿತರಂತೆ. ತಾಯಿಯವರು ಕನ್ನಡಕವೇರಿಸಿ ಒಂದೊಂದರ ಹೆಸರನ್ನೂ ಅಕ್ಷರ ಬಿಡಿಸಿ ಓದಿದರು, ಸೊಸೆ ಬರೆದುಕೊಂಡಳು. ಏಳು ವಿಮೆಗಳನ್ನು ನೋಡಿ, ಕಂತು ಹನ್ನೊಂದು ಡಾಲರು ಹೆಚ್ಚಾದರೂ ಸೇದುವ ಮದ್ದು ಪಟ್ಟಿಯಲ್ಲಿದ್ದುದನ್ನು ಗೊತ್ತುಮಾಡಿದರು. ‘ಮದ್ದಿಗೆ ಎಷ್ಟಾಗುತ್ತದಪ್ಪಾ?’ ಎಂದು ತಾಯಿಯವರು ಕೇಳಿದರು. ಮಗನು ಈ ಸಲ ಚೀಟಿಯನ್ನು ಅವರ ಕೈಗೇ ಕೊಟ್ಟನು.