ಎಲ್ಲ ತಲೆಮಾರುಗಳ ಕೈಗುರುತು ಉಳಿದ ಮನೆ

ದಿ ಪಾಂಡ್ಸ್‌ನಲ್ಲಿ ಹಳೆಯ ಮನೆ ಹುಡುಕಿದರೆ ಸಿಗುವುದು ಕಷ್ಟ. ಸಿಡ್ನಿಯ ವಾಯವ್ಯಕ್ಕಿರುವ ಈ ಬಡಾವಣೆ ಬೆಳೆದದ್ದೇ 2007ರ ಈಚೆಗೆ. ಕನ್ನಡದ ಕುಟುಂಬಗಳೂ ಇಲ್ಲಿ ಹಾಲುಕ್ಕಿಸಿ ಒಕ್ಕಲಾಗಿವೆ. ಆದರೆ ವಿಂಡ್ಸರ್ ರಸ್ತೆಯತ್ತ ಸ್ವಲ್ಪ ದೂರ ಹೋದರೆ ಸಾಕು, ದಿಬ್ಬದ ಮೇಲೆ ಇನ್ನೂರು ವರ್ಷ ದಾಟಿದ ರೌಸ್ ಹಿಲ್ ಹೌಸ್ ನಿಂತಿದೆ.

ಪ್ಯಾರಮಟ್ಟಾದಲ್ಲಿ ಸರ್ಕಾರಿ ಕಾಮಗಾರಿಗಳ ಮೇಲ್ವಿಚಾರಕನಾಗಿದ್ದ ರಿಚರ್ಡ್ ರೌಸ್ 1813ರಲ್ಲಿ ಈ ಮನೆಗೆ ಕೈಹಾಕಿದ. ಮರಳುಗಲ್ಲಿನ ಎರಡಂತಸ್ತು ಮುಗಿಯಲು ಐದಾರು ವರ್ಷ ಹಿಡಿಯಿತು. ಇಲ್ಲಿನ ಮೂಲನಿವಾಸಿಗಳಾದ ಡಾರುಗ್ ಜನರ ನೆಲವಿದು. 1804ರ ಮಾರ್ಚ್‌ನಲ್ಲಿ ದಂಗೆಯೆದ್ದ ಐರಿಷ್ ಕೈದಿಗಳನ್ನು ಸೈನಿಕರು ಗುಂಡಿಟ್ಟು ಅಡಗಿಸಿದ್ದೂ ಈ ಸುತ್ತಿನಲ್ಲೇ.

ರೌಸ್ ಬಿಟ್ಟುಬಂದ ಇಂಗ್ಲೆಂಡಿನಲ್ಲಿ ಹಳ್ಳಿಮನೆಗಳು ಕಾಲಕಾಲಕ್ಕೆ ಮೈ ಬದಲಿಸಿದ್ದವು. ಮಧ್ಯಯುಗದಲ್ಲಿ ಅನುಕೂಲಸ್ಥ ರೈತನ ಮನೆಯೆಂದರೆ ಮಾಡಿನವರೆಗೂ ತೆರೆದ ಒಂದು ಪಡಸಾಲೆ. ನಡುವೆ ನೆಲದ ಮೇಲೆಯೇ ಬೆಂಕಿ, ಚಿಮಣಿ ಇಲ್ಲ. 16–17ನೇ ಶತಮಾನಗಳಲ್ಲಿ ಇಟ್ಟಿಗೆಯ ಚಿಮಣಿ ಬಂತು. ಹೊಗೆ ಹೋದ ಮೇಲೆ ತೊಲೆ ಕೂಡಿಸಿ ಅಟ್ಟ ಹಾಕಿ, ಮೇಲೆ ಮಲಗುವ ಕೋಣೆ ಮಾಡಿಕೊಂಡರು. ಅಂಥ ಮನೆಗಳ ಮಾಡಿನೊಳಗೆ ಪಕಾಸಿಗಳ ಮಸಿ ಇವತ್ತಿಗೂ ಇದೆ. ಮನೆ ಮೊದಲು ಹೇಗಿತ್ತೆಂದು ತಿಳಿದವರು ಓದುವುದು ಅದನ್ನೇ.

ರೌಸ್ ಹಿಲ್‌ನಲ್ಲೂ ಹೀಗೆ ಓದಲು ಬೇಕಾದಷ್ಟಿದೆ. ಮೊದಲಿಗೆ ಇಲ್ಲದ ಜಗಲಿ 19ನೇ ಶತಮಾನದ ನಡುವೆ ಸೇರಿತು. ಹಿಂದುಗಡೆಯ ಎರಡಂತಸ್ತಿನ ಕಟ್ಟು 1860ರ ದಶಕದ್ದು. ಜಾನ್ ಹಾರ್ಬರಿ ಹಂಟ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಇಟ್ಟಿಗೆಯ ಕುದುರೆ ಲಾಯ 1876ರದ್ದು. ಒಂದೇ ವಂಶದ ಆರು ತಲೆಮಾರುಗಳು ಇಲ್ಲಿ ಬಾಳಿದವು. ಆಸ್ತಿ ಕರಗಿತು, ಸಾಮಾನು ಉಳಿಯಿತು.

1978ರಲ್ಲಿ ರಾಜ್ಯ ಸರ್ಕಾರ ಮನೆಯನ್ನು ವಶಕ್ಕೆ ಪಡೆಯಿತು. 1999ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಈ ನಡುವೆ ಸಂರಕ್ಷಕರು ಮಾಡಿದ ತೀರ್ಮಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆಯನ್ನು ಕೆರೆದು ರೌಸ್‌ನ ಕಾಲಕ್ಕೆ ಮರಳಿಸಲು ಅವರು ಹೋಗಲಿಲ್ಲ. ಮಾಸಿದ ಬಟ್ಟೆ, ಸವೆದ ನೆಲ, ಬಣ್ಣ ಕಳೆದುಕೊಂಡ ಗೋಡೆ ಎಲ್ಲವನ್ನೂ ಸಿಕ್ಕ ಹಾಗೆಯೇ ಬಿಟ್ಟು, ಬೀಳದಂತೆ ಮಾತ್ರ ನೋಡಿಕೊಂಡರು. ಯಾವುದೋ ಒಂದು ಇಸವಿಯನ್ನು ಆರಿಸಿ ಉಳಿದ ತಲೆಮಾರುಗಳನ್ನು ಅಳಿಸುವ ದುರಸ್ತಿ ನನಗೆ ಒಪ್ಪಿಗೆಯಿಲ್ಲ.

ಮನೆಯನ್ನು ಕಳಚಿ ಬೇರೆಡೆ ನಿಲ್ಲಿಸಿ ಉಳಿಸುವ ದಾರಿಯೂ ಇದೆ. ಮೆಲ್ಬರ್ನ್‌ನ ಫಿಟ್ಸ್‌ರಾಯ್ ಉದ್ಯಾನದಲ್ಲಿರುವ ಕುಕ್ಸ್ ಕಾಟೇಜ್ ಯಾರ್ಕ್‌ಷೈರ್‌ನ ಗ್ರೇಟ್ ಏಟನ್ ಹಳ್ಳಿಯದು. ಅದನ್ನು ಕಳಚಿ ಪೆಟ್ಟಿಗೆಗಳಲ್ಲಿ ಹಡಗಿಗೇರಿಸಿ ತಂದು 1934ರಲ್ಲಿ ಮರುಕಟ್ಟಿದರು. ಮಣಿಪಾಲದ ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರೂ ಅಳಿವಿನಂಚಿನ ಮನೆಗಳನ್ನು ಕಳಚಿ ತಂದು ನಿಲ್ಲಿಸಿದರು. ಇಲ್ಲದಿದ್ದರೆ ಅವು ಸೌದೆಯಾಗುತ್ತಿದ್ದವು. ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಸ್ಥಳ ಬಿಟ್ಟ ಮನೆಗೆ ಅದರ ಹಿತ್ತಿಲಾಗಲಿ ದಾರಿಯಾಗಲಿ ಜೊತೆ ಬರುವುದಿಲ್ಲ. ರೌಸ್ ಹಿಲ್‌ನಲ್ಲಿ ಲಾಯ, ತೋಟ, ಮನೆ ಮುಂದಿನ ಹಳೆಯ ವಿಂಡ್ಸರ್ ರಸ್ತೆಯ ತುಂಡು ಕೂಡ ಇದ್ದಲ್ಲೇ ಇವೆ.