ಕೈಯೂ ಕಲಿಯಲಿ



ನಾವೆಲ್ಲ ಒಂದೇ ಪಾಠ ಕಲಿಯುತ್ತೇವೆ. ಆದರೆ ಎಲ್ಲರೂ ಒಂದೇ ತರಹ ಕಲಿಯೋದಿಲ್ಲ.

ಕೆಲವರಿಗೆ ಸೋಬಾನೆ ಪದ ಒಮ್ಮೆ ಕೇಳಿದರೆ ಸಾಕು, ಬಾಯಿಗೆ ಬಂದುಬಿಡುತ್ತೆ. ಕೆಲವರು ಬಸ್ಸಿನ ಬೋರ್ಡು ನೋಡಿ ನೋಡಿ ಊರ ಹೆಸರು ಗುರುತು ಹಿಡಿಯುತ್ತಾರೆ. ರೊಟ್ಟಿ ತಟ್ಟೋದು ಮಾತ್ರ ಕೇಳಿದರೂ ಬಾರದು, ನೋಡಿದರೂ ಬಾರದು. ತಟ್ಟಿ ತಟ್ಟಿಯೇ ಬರಬೇಕು.

ಅಕ್ಷರ ಕಲಿಯಲು ಕಿವಿ, ಕಣ್ಣು, ಕೈ ಮೂರೂ ಬೇಕು.

'ಪ' ಮತ್ತು 'ಷ' ನೋಡಿ. ಕಣ್ಣಿಗೆ ಎರಡೂ ಒಂದೇ ಅನ್ನಿಸುತ್ತೆ. ಬರೆದಾಗ ಗೊತ್ತಾಗುತ್ತೆ. 'ಪ'ದ ಒಳಗೆ ಒಂದು ಗೆರೆ ಎಳೆದರೆ 'ಷ'. ರಂಗೋಲಿ ಎಳೆದ ಕೈ ನಮ್ಮದು. ಅಕ್ಷರ ಎಳೆಯಲು ಭಯ ಯಾಕೆ?

ಮೊದಲು ನೋಡಿ ಬರೆಯೋಣ. ಆಮೇಲೆ ಪುಸ್ತಕ ಮುಚ್ಚಿ ಬರೆಯೋಣ. ತಪ್ಪಿದರೆ ತೆರೆದು ನೋಡಿ ತಿದ್ದೋಣ. ನಾಳೆ ಮತ್ತೆ ಬರೆಯೋಣ. ಒಂದೇ ದಿನ ನೂರು ಸಲ ಬರೆಯೋದಕ್ಕಿಂತ ದಿನಾ ಹತ್ತು ಸಲ ಬರೆಯೋದು ಮೇಲು.

'ಸಹಿ ಹಾಕಲು ಬಂತು, ಇನ್ನೇನು ಬೇಕು?' ಅಂತೀರಾ? ಅಷ್ಟೇ ಸಾಲದು.

ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ ಇರುತ್ತೆ. ಅದರಲ್ಲಿ 500 ಅಂತ ಬರೆದೆವು. ಯಾರಾದರೂ ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಿದರೆ 5000 ಆಯಿತು! ಅದಕ್ಕೇ ಅಕ್ಷರದಲ್ಲೂ ಬರೆಯಬೇಕು: 'ಐದು ನೂರು ರೂಪಾಯಿ ಮಾತ್ರ'. ಈ 'ಮಾತ್ರ' ಎಂಬ ಪದ ಬಾಗಿಲಿಗೆ ಅಗುಳಿ ಇದ್ದ ಹಾಗೆ. ಖಾಲಿ ಚೀಟಿಗೆ ಸಹಿ ಹಾಕಿ ಕೊಡೋದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಇನ್ನು ಕಚೇರಿಯ ಕೆಲಸ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದುಕೊಟ್ಟದ್ದು ಉಳಿಯುತ್ತೆ.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ನಮ್ಮೂರ ಬೋರ್‌ವೆಲ್ ರಿಪೇರಿಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು? ಪಂಚಾಯಿತಿಗೆ ಅರ್ಜಿ ಬರೆದು ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರು ಶುಲ್ಕ ಕೊಡಬೇಕಾಗಿಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋದನ್ನು ಮರೆಯಬಾರದು.

ಬರೆಯಲು ಬಾರದವರಿಗೆ ಅಧಿಕಾರಿಯೇ ನೆರವಾಗಬೇಕು ಅಂತಲೂ ಕಾಯ್ದೆ ಹೇಳುತ್ತೆ. ಆದರೆ ನಾವೇ ಬರೆದರೆ ನಮ್ಮ ಮಾತು ನಮ್ಮ ಮಾತಾಗಿಯೇ ಉಳಿಯುತ್ತೆ. ಅದನ್ನು ಬೇರೆಯವರು ಹಿಗ್ಗಿಸೋದಿಲ್ಲ, ಕುಗ್ಗಿಸೋದಿಲ್ಲ.

ನಾವೇ ಬರೆಯೋಣ:

1. ನಮ್ಮ ಹೆಸರು, ನಮ್ಮ ಊರು.

2. 750 ರೂಪಾಯಿ — ಅಕ್ಷರದಲ್ಲಿ.

3. ಪಂಚಾಯಿತಿಗೆ ನಾವು ಕೇಳಬೇಕಾದ ಒಂದು ಪ್ರಶ್ನೆ.