ಆಗಸ್ಟ್‌ನಲ್ಲೇ ಎಲೆ ಉದುರಿಸಿದ ಬೀಚ್ ಮರಗಳು

ಮಧ್ಯ ಯುರೋಪಿನ ಕಾಡುಗಳಲ್ಲಿ ಬೀಚ್ ಮರ ಎಲೆ ಉದುರಿಸುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. 2018ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಎಷ್ಟೋ ಕಡೆ ಆಗಸ್ಟ್ ಕಳೆಯುವ ಮೊದಲೇ ಬೀಚ್ ಎಲೆಗಳು ಕಂದಾಗಿ ನೆಲ ಸೇರಿದವು. ವಸಂತದಲ್ಲೇ ಶುರುವಾದ ಬಿಸಿಲು ಬೇಸಿಗೆಯುದ್ದಕ್ಕೂ ಬಿಡಲಿಲ್ಲ, ಮಳೆ ಕೈಕೊಟ್ಟಿತು. ಬಂಡೀಪುರದ ತೇಗ ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವುದು ಅದರ ಹುಟ್ಟುಗುಣ; ನೀರಿಲ್ಲದ ತಿಂಗಳುಗಳನ್ನು ಅದು ಕಳೆಯುವುದೇ ಹಾಗೆ. ಬೀಚ್ ಚಳಿಗೆ ಎಲೆ ಕಳಚುವ ಮರ. ಅದು ಬೇಸಿಗೆಯಲ್ಲಿ ಎಲೆ ಕಳಚಿದರೆ ಜೀವಕ್ಕೆ ಕುತ್ತು ಬಂದಿದೆ ಎಂದೇ ಅರ್ಥ. ಮುಂದಿನ ಎರಡು ವರ್ಷವೂ ಮಳೆ ಸಾಲಲಿಲ್ಲ.

ಮರದೊಳಗೆ ನೀರನ್ನು ಮೇಲೆತ್ತುವ ಪಂಪು ಇಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ಬೇರಿನಿಂದ ತುದಿಯ ಎಲೆಯವರೆಗೆ, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ನಾಳಗಳಲ್ಲಿ ನೀರು ತುಂಡಾಗದ ದಾರದ ಹಾಗೆ ನಿಂತಿರುತ್ತದೆ. ಮಣ್ಣು ಒಣಗಿದಂತೆ ಈ ದಾರ ಬಿಗಿಯುತ್ತ ಹೋಗುತ್ತದೆ. ಒಂದು ಹಂತ ದಾಟಿದರೆ ನಾಳದೊಳಗೆ ಗಾಳಿಗುಳ್ಳೆ ನುಗ್ಗಿ ದಾರ ಹರಿಯುತ್ತದೆ. ಅಂಥ ನಾಳದಲ್ಲಿ ಮತ್ತೆ ನೀರು ಏರುವುದು ಕಷ್ಟ. ಹೀಗೆ ಬಹುಪಾಲು ನಾಳಗಳು ಕೆಟ್ಟ ಕೊಂಬೆ ಒಣಗುತ್ತದೆ. ಬೀಚ್‌ನಲ್ಲಿ ನೆತ್ತಿಯ ಕೊಂಬೆಗಳು ಮೊದಲು ಸಾಯುವುದು ಇದರಿಂದಲೇ.

ಬರ ಎಂದರೆ ಮಳೆಯ ಅಭಾವ ಮಾತ್ರ ಎಂದುಕೊಂಡರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಒಗೆದ ಬಟ್ಟೆ ಬಿರುಬಿಸಿಲಿಗೆ ಬೇಗ ಒಣಗುವುದಕ್ಕೆ ಕಾರಣವಾದ ಗಾಳಿಯ ಇದೇ ದಾಹ ಎಲೆಯಿಂದಲೂ, ಮಣ್ಣಿನಿಂದಲೂ ನೀರು ಹೀರುತ್ತದೆ. ಹಾಗಾಗಿ ಮಳೆ ಹಿಂದಿನಷ್ಟೇ ಬಿದ್ದರೂ ಬಿಸಿಯಾದ ವರ್ಷದಲ್ಲಿ ಮರಕ್ಕೆ ಅದು ಸಾಲುವುದಿಲ್ಲ.

ಮರದ ಮೊದಲ ರಕ್ಷಣೆ ಪತ್ರರಂಧ್ರ ಮುಚ್ಚುವುದು. ಆದರೆ ನೀರು ಹೊರಹೋಗುವ ಬಾಗಿಲೇ ಇಂಗಾಲದ ಡೈಆಕ್ಸೈಡ್ ಒಳಬರುವ ಬಾಗಿಲೂ ಹೌದು. ಮುಚ್ಚಿದರೆ ಆಹಾರ ತಯಾರಿ ನಿಲ್ಲುತ್ತದೆ, ತೆರೆದಿಟ್ಟರೆ ನೀರಿನ ದಾರ ಹರಿಯುತ್ತದೆ. ಪೈನ್, ಸ್ಪ್ರೂಸ್ ಬೇಗ ಮುಚ್ಚಿಕೊಳ್ಳುತ್ತವೆ. ಬೀಚ್ ಇನ್ನಷ್ಟು ಹೊತ್ತು ತೆರೆದಿಟ್ಟು ಅಪಾಯ ಹೊರುತ್ತದೆ. ಬೇಗ ಮುಚ್ಚಿದ ಮರ ನಿಧಾನವಾಗಿ ಹಸಿವಿನಿಂದ ಸಾಯುತ್ತದೆ ಎಂಬ ಊಹೆ ಬಹುಕಾಲ ಇತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಸಮೀಪದ ಹೋಲ್‌ಸ್ಟೈನ್ ಕಾಡಿನಲ್ಲಿ 2018ರಲ್ಲಿ ದೊಡ್ಡ ಸ್ಪ್ರೂಸ್‌ಗಳನ್ನು ಗಮನಿಸುತ್ತಿದ್ದ ವಿಜ್ಞಾನಿಗಳಿಗೆ ಕಂಡದ್ದು ಬೇರೆ. ಬೇರು ಮಣ್ಣಿನಿಂದ ನೀರು ಹೀರುವುದು ನಿಂತ ಮೇಲೆ ಮರದೊಳಗಿನ ನೀರಿನ ವ್ಯವಸ್ಥೆ ಇದ್ದಕ್ಕಿದ್ದಂತೆ ಕುಸಿಯಿತು; ಮತ್ತೆ ಚೇತರಿಸಿಕೊಳ್ಳಲಿಲ್ಲ.

ಬದುಕುಳಿದ ಸ್ಪ್ರೂಸ್‌ಗೆ ಇನ್ನೊಂದು ಶತ್ರು ಕಾದಿರುತ್ತದೆ. ತೊಗಟೆ ಕೊರೆಯುವ ಈ ಜೀರುಂಡೆಯ ಉದ್ದ ಅರ್ಧ ಸೆಂಟಿಮೀಟರ್. ಜರ್ಮನ್ನರು ಇದನ್ನು ‘ಪುಸ್ತಕ ಮುದ್ರಕ’ ಎಂದು ಕರೆಯುತ್ತಾರೆ. ತೊಗಟೆ ಸುಲಿದು ನೋಡಿದರೆ ಆ ಹೆಸರು ಏಕೆಂದು ತಿಳಿಯುತ್ತದೆ: ತಾಯಿಹುಳು ಕೊರೆದ ಉದ್ದನೆಯ ಸುರಂಗ, ಅದರ ಎರಡೂ ಬದಿಗೆ ಮರಿಗಳು ತಿಂದು ಸಾಗಿದ ಸಣ್ಣ ಸಾಲುಗಳು, ಅಚ್ಚು ಹಾಕಿದ ಪುಟದ ಹಾಗೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ಹುಳು ಕೊರೆಯುವ ಈ ಒಳತೊಗಟೆಯ ಮೂಲಕವೇ. ಆರೋಗ್ಯವಂತ ಮರ ರಾಳ ಸುರಿಸಿ ಕೊರೆಯುವ ಹುಳುವನ್ನು ಮುಳುಗಿಸುತ್ತದೆ. ನೀರಿಲ್ಲದ ಮರಕ್ಕೆ ಅಷ್ಟು ರಾಳ ಎಲ್ಲಿಂದ ಬರಬೇಕು? ಬುಡದಲ್ಲಿ ಕಾಫಿ ಪುಡಿಯಂಥ ಕಂದು ಹುಡಿ ಬಿದ್ದಿದ್ದರೆ ಮರ ಸೋತಿದೆ ಎಂದು ಕಾಡಿನ ಕೆಲಸಗಾರರು ಗುರುತಿಸುತ್ತಾರೆ. ಬಿಸಿ ವರ್ಷ ಹುಳುವಿಗೂ ಅನುಕೂಲ: ತಂಪು ಬೇಸಿಗೆಯಲ್ಲಿ ಒಂದು ಅಥವಾ ಎರಡು ಪೀಳಿಗೆ ಹುಟ್ಟುವಲ್ಲಿ ತಗ್ಗು ಪ್ರದೇಶಗಳಲ್ಲಿ ಮೂರು ಹುಟ್ಟುತ್ತವೆ.

ಉತ್ತರ ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಇದರ ಪರಿಣಾಮ ದಾರಿಹೋಕರಿಗೂ ಕಾಣುತ್ತದೆ. 1,141 ಮೀಟರ್ ಎತ್ತರದ ಬ್ರೋಕನ್ ಶಿಖರದ ಸುತ್ತ ಹಸಿರಾಗಿದ್ದ ಇಳಿಜಾರುಗಳಲ್ಲಿ ಈಗ ಬೂದು ಬಣ್ಣದ ಒಣ ಕಾಂಡಗಳು ನಿಂತಿವೆ. ಇಲ್ಲಿ ತಪ್ಪು ಹವಾಮಾನದ್ದಷ್ಟೇ ಅಲ್ಲ. ಸ್ಪ್ರೂಸ್ ತಂಪಾದ ಎತ್ತರದ ಮರ, ಬೇರು ಆಳಕ್ಕಿಳಿಯುವುದು ಕಡಿಮೆ. ಹಾರ್ಟ್ಸ್‌ನ ಗಣಿಗಳಿಗೆ ಮರ ಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಬೋಳಾದ ಇಳಿಜಾರುಗಳನ್ನು ಬೇಗ ತುಂಬಬೇಕಿತ್ತು. ನೆಟ್ಟಗೆ ಬೆಳೆಯುವ ಸ್ಪ್ರೂಸನ್ನು ಅದಕ್ಕೆ ಸೇರದ ತಗ್ಗುಗಳಲ್ಲೂ ಒಂದೇ ವಯಸ್ಸಿನ ಸಾಲುಗಳಾಗಿ ನೆಡಲಾಯಿತು. ಆ ಕಾಡು ಕಾಡಿನಂತೆ ಕಂಡರೂ ಸ್ವಭಾವದಲ್ಲಿ ತೋಟವೇ.

ಮರದ ಪ್ರತಿಕ್ರಿಯೆ ಬರದ ವರ್ಷಕ್ಕೇ ಮುಗಿಯುವುದಿಲ್ಲ. ಕಾಂಡದ ವಾರ್ಷಿಕ ಉಂಗುರ ಬರದ ನಂತರವೂ ಕೆಲ ವರ್ಷ ಕಿರಿದಾಗಿಯೇ ಇರುವುದುಂಟು. 2018ರಲ್ಲಿ ಎಲೆ ಉದುರಿಸಿದ ಕೆಲವು ಬೀಚ್‌ಗಳು 2019ರ ವಸಂತದಲ್ಲಿ ಚಿಗುರಲಿಲ್ಲ. ಬಿದ್ದ ಮರದ ಪಕ್ಕದವುಗಳ ತೆಳು ತೊಗಟೆ ನೇರ ಬಿಸಿಲಿಗೆ ಸುಟ್ಟು ಬಿರಿಯಿತು. ಇದರ ಜೊತೆಗೆ ವಸಂತವೇ ಬೇಗ ಬರುತ್ತಿದೆ. 1971ರಿಂದ 2000ರವರೆಗೆ ಯುರೋಪಿನಲ್ಲಿ ಚಿಗುರು, ಹೂವುಗಳ ಕಾಲ ಪ್ರತಿ ದಶಕಕ್ಕೆ ಸರಾಸರಿ 2.5 ದಿನ ಮುಂಚಿತವಾಯಿತು. ಬೇಗ ಬಂದ ಚಿಗುರು ತಡವಾದ ಹಿಮಕ್ಕೆ ಸಿಕ್ಕಬಹುದು, ಮಣ್ಣಿನ ನೀರನ್ನೂ ಬೇಗನೆ ಖಾಲಿ ಮಾಡುತ್ತದೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮರ ಹೆಚ್ಚು ಬೆಳೆಯುತ್ತದಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಬಾಸೆಲ್ ಬಳಿಯದೇ ಇನ್ನೊಂದು ಕಾಡಿನಲ್ಲಿ, 30 ಮೀಟರ್‌ಗೂ ಎತ್ತರದ ಮರಗಳಿಗೆ ನಾಲ್ಕು ವರ್ಷ ಹೆಚ್ಚುವರಿ ಅನಿಲ ಕೊಟ್ಟು ನೋಡಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಂಡ ಹೆಚ್ಚೇನೂ ದಪ್ಪಗಾಗಲಿಲ್ಲ. ಆ ಭರವಸೆಯ ಮೇಲೆ ಕೈಕಟ್ಟಿ ಕೂರುವುದು ಸರಿಯಲ್ಲ.

ಎಲ್ಲ ಮರಗಳೂ ಸಮಾನವಾಗಿ ಸೋಲುವುದಿಲ್ಲ. ಓಕ್‌ನ ಬೇರು ಆಳಕ್ಕೆ ಇಳಿಯುತ್ತದೆ, ಪ್ರತಿ ವಸಂತದಲ್ಲೂ ಅದು ಹೊಸ ಅಗಲ ನಾಳಗಳನ್ನು ಕಟ್ಟಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ವಾಲೆ ಕಣಿವೆಯ ಫಿನ್‌ವಾಲ್ಡ್ ಪೈನ್ ಕಾಡಿನ ಒಂದು ಭಾಗಕ್ಕೆ 2003ರಿಂದ ನೀರುಣಿಸಿ ನೋಡಿದಾಗ ಮರಗಳ ಬೆಳವಣಿಗೆ, ನೆತ್ತಿಯ ಹಸಿರು ಹೆಚ್ಚಿದವು. ಅಲ್ಲಿನ ಕೊರತೆ ನೀರಿನದೇ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಇಡೀ ಕಾಡಿಗೆ ನೀರುಣಿಸುವುದು ಸಾಧ್ಯವಿಲ್ಲ. ಅದಕ್ಕೇ ಅರಣ್ಯ ಇಲಾಖೆಗಳು ಈಗ ಓಕ್, ಮೇಪಲ್ ಮುಂತಾದ ಹಲವು ಜಾತಿಗಳನ್ನು ಬೆರೆಸಿ ಬೆಳೆಸುವತ್ತ ತಿರುಗಿವೆ. ಹಾರ್ಟ್ಸ್‌ನ ಒಣ ಕಾಂಡಗಳ ನಡುವೆ ಬರ್ಚ್, ರೋವನ್ ಸಸಿಗಳು ತಾವಾಗಿಯೇ ಮೇಲೇಳುತ್ತಿವೆ.

ಆದರೆ ಸಸಿ ಮರವಾಗಲು ಹಲವು ದಶಕ ಬೇಕು. 2018ರ ಜನವರಿಯಿಂದ 2021ರ ಏಪ್ರಿಲ್‌ವರೆಗೆ ಜರ್ಮನಿ ಸುಮಾರು 5 ಲಕ್ಷ ಹೆಕ್ಟೇರ್ ಕಾಡಿನ ಹಸಿರು ಚಪ್ಪರ ಕಳೆದುಕೊಂಡಿತು ಎಂದು ಆ ದೇಶದ ಬಾಹ್ಯಾಕಾಶ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದೆ. 2024ರಲ್ಲಿ ಪ್ರಕಟವಾದ ಅಲ್ಲಿನ ಅರಣ್ಯ ಗಣತಿಯ ಪ್ರಕಾರ, 2017ರಿಂದ 2022ರ ನಡುವೆ ಆ ಕಾಡುಗಳಲ್ಲಿ ಸಂಗ್ರಹವಾಗಿದ್ದ ಇಂಗಾಲದಲ್ಲಿ 4 ಕೋಟಿ ಟನ್‌ಗೂ ಹೆಚ್ಚು ಕಡಿಮೆಯಾಗಿದೆ.